ಪೆಟ್ಟಾದ ಮಿದುಳಿಗೆ ಮನೆಯೇ ಪಾಠಶಾಲೆ

ಮುಂಬಯಿಯಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿ ಜಹೀರಾಬಾದನ್ನು ಹಾದು ಹೋಗುತ್ತದೆ. ಮೊಗುಡಂಪಲ್ಲಿಯ ಸುತ್ತಣ ಹಳ್ಳಿಗಳಿಂದ ಸಂತೆಗೆ, ದುಡಿಮೆಗೆ, ಬೀದರಿನ ನೆಂಟರ ಮನೆಗೆ ಹೊರಡುವ ತರುಣರಲ್ಲಿ ಅನೇಕರು ಇಂದು ಮೋಟಾರು ಸೈಕಲ್ಲನ್ನೇರಿದವರು. ತಲೆಗೆ ಶಿರಸ್ತ್ರಾಣವಿಲ್ಲದೆ ಬಿದ್ದವನಿಗೆ ಒಂದು ಕ್ಷಣದಲ್ಲಿ ಆಗುವ ಹಾನಿಯನ್ನು ಸರಿಪಡಿಸಲು ವರ್ಷಗಳೇ ಬೇಕಾಗುತ್ತವೆ. ಆ ವರ್ಷಗಳು ಕಳೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಆದುದರಿಂದ ಈ ವಿಷಯ ವೈದ್ಯರಿಗೆ ಸೇರಿದಷ್ಟೇ ನಮ್ಮ ತಾಯಂದಿರಿಗೂ ಸೇರಿದ್ದು.

ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೂವತ್ತರ ಹರೆಯದ ಮಗ ಆರು ವಾರಗಳ ಚಿಕಿತ್ಸೆ ಮುಗಿಸಿ ಮರಳಿದ್ದಾನೆ. ಗಾಯ ಮಾಯ್ದಿದೆ, ಕೈಕಾಲು ಆಡುತ್ತವೆ. ಆದರೆ ಸ್ನಾನಕ್ಕೆ ಹೋದವನು ನೀರಿನ ಮುಂದೆ ಸುಮ್ಮನೆ ಕುಳಿತುಬಿಡುತ್ತಾನೆ. ಮಾತ್ರೆ ನುಂಗಿದ್ದು ನೆನಪಿಲ್ಲ. ಸಣ್ಣ ಮಾತಿಗೂ ಸಿಡಿಯುತ್ತಾನೆ. ತಾಯಿ ತುತ್ತು ಮಾಡಿ ಉಣಿಸುತ್ತಾಳೆ, ಹೆಂಡತಿ ಗುಂಡಿ ಹಾಕುತ್ತಾಳೆ, ತಮ್ಮ ಅವನ ಪರವಾಗಿ ತಾನೇ ಮಾತನಾಡುತ್ತಾನೆ. ಎಲ್ಲವೂ ಅಂತಃಕರಣದಿಂದಲೇ. ಆದರೆ ವರ್ಷ ಕಳೆದರೂ ಅವನಿಗೆ ಉಣ್ಣಲೂ ಉಡಲೂ ಬಾರದು. ಕಲಿಯುವ ಅವಕಾಶವನ್ನೇ ಅವನಿಗೆ ಯಾರೂ ಕೊಟ್ಟಿಲ್ಲ.

ಒಬ್ಬ ಮೇಸ್ತ್ರಿಯ ಕಥೆ

1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟಿನಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಮೇಸ್ತ್ರಿ ಫಿನಿಯಾಸ್ ಗೇಜನ ಎಡಗೆನ್ನೆಯ ಕೆಳಗಿನಿಂದ ಮೂರೂವರೆ ಅಡಿಗೂ ಮಿಕ್ಕಿದ ಕಬ್ಬಿಣದ ಸಲಾಕೆ ಹೊಕ್ಕು ನೆತ್ತಿಯಿಂದ ಹೊರಬಂತು. ಆತ ಬದುಕಿದ. ಆದರೆ ಸ್ವಭಾವ ಎಷ್ಟು ಕೆಟ್ಟಿತೆಂದರೆ, ಹಳೆಯ ಯಜಮಾನರು ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಗ್ರಂಥಗಳಲ್ಲಿ ಅವನ ಕಥೆ ಬಹುಕಾಲ ಇಲ್ಲಿಗೇ ಮುಗಿಯುತ್ತಿತ್ತು. ಆದರೆ 1852ರಲ್ಲಿ ಆತ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಸಾರೋಟು ಓಡಿಸಿದ. ಮನೋವಿಜ್ಞಾನಿ ಮಾಲ್ಕಮ್ ಮೆಕ್‌ಮಿಲನ್ ಈ ದಾಖಲೆಗಳನ್ನು ಶೋಧಿಸಿ, ದಿನವೂ ಅದೇ ವೇಳೆ, ಅದೇ ದಾರಿ, ಅದೇ ಕ್ರಮದ ಕೆಲಸವೇ ಅವನನ್ನು ಬಹುಮಟ್ಟಿಗೆ ಚೇತರಿಸಿರಬೇಕೆಂದು ವಾದಿಸಿದರು. ಚದುರಿದ ಮನಸ್ಸಿಗೆ ದಿನಚರಿಯೇ ಊರುಗೋಲು.

ಒಂದು ಲೋಟ ಚಹಾ

ನಮಗೆ ಒಂದೇ ಎಂದು ತೋರುವ ಕೆಲಸ ಪೆಟ್ಟಾದ ಮಿದುಳಿಗೆ ಹತ್ತು ಕೆಲಸ. ಚಹಾ ಮಾಡುವುದೆಂದರೆ ಪಾತ್ರೆ ತೆಗೆಯಬೇಕು, ನೀರು ಅಳೆಯಬೇಕು, ಒಲೆ ಹಚ್ಚಬೇಕು, ಪುಡಿ, ಸಕ್ಕರೆ, ಹಾಲು ಹಾಕಬೇಕು, ಒಲೆ ಆರಿಸಬೇಕು, ಸೋಸಬೇಕು. ಮೊದಲು ಎಲ್ಲವನ್ನೂ ನಾವೇ ಮಾಡಿ ಕೊನೆಯ ಮೆಟ್ಟಿಲಾದ ಸೋಸುವುದನ್ನು ಮಾತ್ರ ಅವನಿಗೆ ಬಿಡೋಣ. ಅದು ಕೈಹಿಡಿದ ಮೇಲೆ ಅದರ ಹಿಂದಿನದನ್ನು ಸೇರಿಸೋಣ. ಹೀಗೆ ಮಾಡಿದರೆ ಪ್ರತಿ ದಿನವೂ ಕೆಲಸ ಮುಗಿಸಿದ ತೃಪ್ತಿ ಅವನದಾಗುತ್ತದೆ. ಬೆಂಕಿಯ ಬಳಿ ಮಾತ್ರ ಯಾರಾದರೂ ನಿಂತಿರಲೇಬೇಕು.

"ಮುಂದೇನು, ಹೇಳು ನೋಡೋಣ" ಎಂದು ಪರೀಕ್ಷಿಸುವುದು ನಮ್ಮ ವಾಡಿಕೆ. ನೆನಪು ಕುಂದಿದವನಿಗೆ ಇದು ಹಿತವಲ್ಲ. ಇಂಗ್ಲೆಂಡಿನ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ತೀವ್ರ ಮರೆವುಳ್ಳವರು ಊಹಿಸಿ ತಪ್ಪಿದರೆ ಆ ತಪ್ಪೇ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ತಪ್ಪುವ ಮೊದಲೇ ಮೆಲ್ಲಗೆ ಸರಿಯಾದುದನ್ನು ತೋರಿಸಿ, ದಿನ ಕಳೆದಂತೆ ಆ ಸಹಾಯವನ್ನು ಕಡಿಮೆ ಮಾಡುತ್ತ ಹೋಗಬೇಕು.

ಮಾತ್ರೆಯ ಹೊತ್ತಿಗೆ ಗೋಡೆಯ ಮೇಲೊಂದು ಚಿತ್ರ, ಮೊಬೈಲಿನಲ್ಲಿ ಒಂದು ಗಂಟೆ, ಜೇಬಿನಲ್ಲೊಂದು ಸಣ್ಣ ಪುಸ್ತಕ ಇರಲಿ. ಇವುಗಳನ್ನು ನೆಚ್ಚಿಕೊಳ್ಳುವುದು ನಾಚಿಕೆಯಲ್ಲ. ಕನ್ನಡಕ ಹಾಕಿಕೊಳ್ಳುವವರು ನಾಚುತ್ತಾರೆಯೇ? ಮಿದುಳಿನ ದಣಿವು ಹೊರಗೆ ಕಾಣಿಸದು. ಆದುದರಿಂದ ಅಭ್ಯಾಸ ಬೆಳಗಿನ ಹೊತ್ತು, ಸ್ವಲ್ಪ ಸ್ವಲ್ಪವೇ ನಡೆಯಲಿ. ಕೋಪವನ್ನು ಹಟವೆಂದು ತಿಳಿಯಬೇಡಿ. ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಪೆಟ್ಟಾದರೆ ಮನಸ್ಸಿನ ಕಡಿವಾಣವೇ ಸಡಿಲಗೊಳ್ಳುತ್ತದೆ. ವಾದಿಸದೆ ಗದ್ದಲದಿಂದ ಆಚೆಗೆ ಕರೆದೊಯ್ಯುವುದೇ ಮೇಲು.

ಮನೆಯ ಕಾಳು, ಮನೆಯ ಮಾತು

ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಗಮನಶಕ್ತಿಯನ್ನು ಮರಳಿ ಬೆಳೆಸಲು ಹೇಳಿಕೊಡುವ ಅಭ್ಯಾಸಗಳಲ್ಲಿ ಬೆರೆಸಿದ ಕಾಳುಗಳನ್ನು ಬೇರ್ಪಡಿಸುವುದೂ ಒಂದು. ಜೋಳ, ತೊಗರಿ, ಕಡಲೆಗಳ ನಾಡಾದ ನಮಗೆ ಇದಕ್ಕಿಂತ ಸುಲಭವಾದ ಸಾಧನ ಬೇರೆ ಬೇಕೆ? ಮೊರದ ಮುಂದೆ ಕುಳಿತ ಅಜ್ಜಿಯೇ ಇಲ್ಲಿ ಗುರು.

ಗಡಿನಾಡಿನ ನಮಗೆ ಇನ್ನೊಂದು ತೊಡಕುಂಟು. 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡಗಳಲ್ಲಿ ಇಂದಿಗೂ ಅನೇಕರ ಮನೆಮಾತು ಕನ್ನಡ. ಹೈದರಾಬಾದಿನ ಆಸ್ಪತ್ರೆಯ ಸೂಚನೆಗಳು ಬರುವುದು ಸಾಮಾನ್ಯವಾಗಿ ತೆಲುಗಿನಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ. ಹಲವು ಭಾಷೆ ಬಲ್ಲವನಿಗೆ ಮಿದುಳಿಗೆ ಪೆಟ್ಟಾದಾಗ ಎಲ್ಲ ಭಾಷೆಗಳೂ ಒಂದೇ ವೇಗದಲ್ಲಿ ಮರಳಬೇಕೆಂದಿಲ್ಲ. ಆದುದರಿಂದ ಮನೆಯಲ್ಲಿ ಕನ್ನಡವನ್ನಾಡುತ್ತೇವೆಂದು ವೈದ್ಯರಿಗೆ ಮೊದಲೇ ತಿಳಿಸಿ. ಸ್ನಾನ, ಊಟ, ಲೆಕ್ಕಗಳ ಅಭ್ಯಾಸವನ್ನು ಅವನು ನಿತ್ಯ ಆಡುವ ಮಾತಿನಲ್ಲಿಯೇ ನಡೆಸಿ. ಮಾತೇ ತೊಡಕಾಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಬಲ್ಲ ತಜ್ಞರಿದ್ದಾರೆ.

ತಲೆನೋವು ಹೆಚ್ಚುತ್ತ ಹೋದರೆ, ವಾಂತಿಯಾದರೆ, ಫಿಟ್ಸ್ ಬಂದರೆ, ಎಚ್ಚರ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಒಪ್ಪುವವರೆಗೆ ವಾಹನ ಓಡಿಸುವುದು, ಬಾವಿಗೆ ಇಳಿಯುವುದು ಬೇಡ. ಉಳಿದ ನ್ಯೂನತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಿತವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಸವಲತ್ತುಗಳುಂಟು. ಆರೈಕೆ ಮಾಡುವವರ ಮನಸ್ಸೂ ಬಳಲುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ಚೇತರಿಕೆ ಮೊದಲ ತಿಂಗಳುಗಳಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆ. ವರ್ಷಗಳ ಮೇಲೂ ಹೊಸದನ್ನು ಕಲಿತವರುಂಟು. ಹಳೆಯ ಮನುಷ್ಯನೇ ಪೂರ್ತಿಯಾಗಿ ಮರಳುವನೆಂದು ಯಾರೂ ಭರವಸೆ ಕೊಡಲಾರರು. ಆದರೆ ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡು, ಪಡಸಾಲೆಗೆ ಬಂದು, ತಾನೇ ಮಾಡಿದ ಚಹಾವನ್ನು ತಾಯಿಗೆ ಕೊಡುವ ದಿನವನ್ನು ಅನೇಕ ಮನೆಗಳು ಕಾಣಬಲ್ಲವು. ಗುಂಡಿ ಹಾಕಲು ಅವನಿಗೆ ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಆ ಹತ್ತು ನಿಮಿಷ ನಮ್ಮ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದನ್ನು ನಾವೂ ಕಲಿಯಬೇಕಾಗಿದೆ.