ಆ ಶೇ. 44 ಎಲ್ಲಿಂದ ಬಂತು? ಅಸೈನ್‌ಮೆಂಟ್‌ನಲ್ಲಿ ರೆಫರೆನ್ಸ್ ಕೊಡುವ ಬಗೆ

ಪುಣೆ, ಚೆನ್ನೈ, ಹೈದರಾಬಾದ್‌ನಲ್ಲಿ ವಾರವಿಡೀ ಕೆಲಸ ಮಾಡಿ, ಶನಿವಾರ-ಭಾನುವಾರ ಎಂಟೆಕ್ ಓದ್ತಿರೋ ಸ್ನೇಹಿತರಿಗೆ ಇವತ್ತಿನ ಮಾತು. ಅಸೈನ್‌ಮೆಂಟ್ ಅಂದ ತಕ್ಷಣ ನನಗೆ ಬರೋ ಪ್ರಶ್ನೆ, "ಸಿಮಿಲ್ಯಾರಿಟಿ ಎಷ್ಟು ಪರ್ಸೆಂಟ್ ಒಳಗಿರಬೇಕು?" ಅಂತ.

ಮೊದಲು ನಿಯಮ ನೋಡೋಣ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಡಿಸರ್ಟೇಶನ್‌ನಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಆದರೆ ಒಂದು ವರ್ಷ ಮರುಸಲ್ಲಿಕೆ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಮೂಲ ಹೇಳಿ ಉದ್ಧರಿಸಿದ ಭಾಗವನ್ನೂ ರೆಫರೆನ್ಸ್ ಪಟ್ಟಿಯನ್ನೂ ಈ ಲೆಕ್ಕಕ್ಕೆ ಹಿಡಿಯೋದಿಲ್ಲ.

ಹಾಗಂತ ಪದಗಳನ್ನು ಅದಲುಬದಲು ಮಾಡಿ ಪರ್ಸೆಂಟ್ ಇಳಿಸಿದರೆ ಕೆಲಸ ಮುಗೀತಾ? ಇಲ್ಲ. ವಿಚಾರ ಬೇರೆಯವರದ್ದಾದ್ರೆ, ನಿಮ್ಮದೇ ಮಾತಲ್ಲಿ ಬರೆದರೂ ಮೂಲ ಹೇಳಲೇಬೇಕು. ಅವರ ಮಾತನ್ನೇ ತಗೊಂಡ್ರೆ ಮೂಲದ ಜೊತೆಗೆ ಉದ್ಧರಣ ಚಿಹ್ನೆಯೂ ಬೇಕು.

ನಮಗೆಲ್ಲ ಗೊತ್ತಿರೋ ಉದಾಹರಣೆ ತಗೊಳ್ಳಿ: ಜೆಫ್ರಿ ಡೀನ್, ಸಂಜಯ್ ಘೇಮಾವತ್ ಅವರ 2004ರ ಮ್ಯಾಪ್‌ರೆಡ್ಯೂಸ್ ಪ್ರಬಂಧ. ನಿಧಾನವಾದ ಯಂತ್ರದ ಪಾಲಿನ ಕೆಲಸವನ್ನು ಇನ್ನೊಂದು ಯಂತ್ರಕ್ಕೂ ಕೊಡೋ 'ಬ್ಯಾಕಪ್ ಟಾಸ್ಕ್' ವ್ಯವಸ್ಥೆ ಅದರಲ್ಲಿದೆ. "ಬ್ಯಾಕಪ್ ಟಾಸ್ಕ್‌ನಿಂದ ಸಮಯ ಶೇ. 44 ಉಳಿಯುತ್ತದೆ" ಅಂತ ಯಾವುದೋ ಬ್ಲಾಗ್ ನೋಡಿ ಬರೆದು, ಕೆಳಗೆ ಡೀನ್ ಹೆಸರು ಹಾಕಿದ್ರಿ ಅಂದ್ಕೊಳ್ಳಿ. ಪ್ರಬಂಧ ತೆರೆದು ನೋಡಿದ್ರೆ ಅಲ್ಲಿರೋದೇ ಬೇರೆ. ಒಂದು ಸಾರ್ಟಿಂಗ್ ಪರೀಕ್ಷೆಗೆ 891 ಸೆಕೆಂಡ್ ಬೇಕಾಗಿತ್ತು; ಬ್ಯಾಕಪ್ ಟಾಸ್ಕ್ ನಿಲ್ಲಿಸಿದಾಗ 1283 ಸೆಕೆಂಡ್ ಆಯಿತು. ಅಂದರೆ ಶೇ. 44 ಹೆಚ್ಚು. ಉಳಿತಾಯ ಅಂತ ಲೆಕ್ಕ ಹಾಕಿದ್ರೆ ಅದು ಸುಮಾರು ಶೇ. 31, ಅದೂ ಆ ಒಂದು ಪರೀಕ್ಷೆಗೆ ಮಾತ್ರ.

ರೆಫರೆನ್ಸ್ ಇರೋದೇ ಇದಕ್ಕೆ: ಓದುವವರು ಮೂಲಕ್ಕೆ ಹೋಗಿ ಪರೀಕ್ಷಿಸಬಹುದು. ಹಾಗಾಗಿ ನೀವು ನಿಜವಾಗಿ ಓದಿದ್ದನ್ನೇ ಉಲ್ಲೇಖಿಸಿ. ಬ್ಲಾಗ್ ಮಾತ್ರ ಓದಿದ್ದರೆ ಬ್ಲಾಗ್ ಹೆಸರೇ ಹಾಕಿ.

ಇನ್ನು ಕ್ರಮ. ನಮ್ಮ ವಿಭಾಗಗಳಲ್ಲಿ ಹೆಚ್ಚಾಗಿ ಕೇಳೋದು ಐಇಇಇ ಶೈಲಿ. ಮೊದಲು ಬಂದ ಮೂಲಕ್ಕೆ [1], ಮುಂದಿನದಕ್ಕೆ [2]. ಅದೇ ಮೂಲ ಮತ್ತೆ ಬಂದರೆ ಹಳೇ ಸಂಖ್ಯೆಯೇ. ಜೊಟೆರೊ ಉಚಿತ, ಈ ಲೆಕ್ಕ ಅದೇ ನೋಡ್ಕೊಳ್ಳುತ್ತೆ. ಆದರೂ ಲೇಖಕರು, ವರ್ಷ, ಸಮ್ಮೇಳನದ ಹೆಸರು ಸರಿ ಇದೆಯಾ ಅಂತ ಕಣ್ಣಾಡಿಸಿ.

ಸ್ಟಾಕ್ ಓವರ್‌ಫ್ಲೋದಿಂದ ಕೋಡ್ ತಗೊಂಡ್ರೆ ಕಾಮೆಂಟ್‌ನಲ್ಲಿ ಲಿಂಕ್ ಹಾಕಿ. ಅಲ್ಲಿನ ಲೈಸೆನ್ಸೇ ಅದನ್ನು ಕೇಳುತ್ತೆ. ಚಾಟ್‌ಜಿಪಿಟಿ ಕೊಟ್ಟ ರೆಫರೆನ್ಸ್ ಆದ್ರೆ ಆ ಶೀರ್ಷಿಕೆಯನ್ನು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಇಲ್ಲದ ಪ್ರಬಂಧಕ್ಕೂ ಅದು ಚೆಂದದ ಹೆಸರು ಕೊಟ್ಟುಬಿಡುತ್ತೆ.

ಸಬ್ಮಿಟ್ ಒತ್ತುವ ಮುಂಚೆ ಅಂಕಿ ಇರೋ ಪ್ರತಿ ವಾಕ್ಯಕ್ಕೂ ಬೆರಳಿಟ್ಟು, "ಇದು ಎಲ್ಲಿಂದ ಬಂತು?" ಅಂತ ಕೇಳ್ಕೊಳ್ಳಿ. ಉತ್ತರ ಪುಟದಲ್ಲೇ ಕಾಣಿಸಿದರೆ ಧೈರ್ಯವಾಗಿ ಕಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.