ಪರದೆ ಮಿಣುಕಿದರೆ ಎಸ್‌.ಪಿ. ರಸ್ತೆಗೆ

ಬೆಂಗಳೂರಿನ ಪುರಭವನದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ನಗರ್ತಪೇಟೆ–ಕುಂಬಾರಪೇಟೆಗಳ ಮಗ್ಗುಲಲ್ಲಿ ಸಾದರ ಪತ್ರಪ್ಪ ರಸ್ತೆ ಇದೆ. ಈ ಪೂರ್ತಿ ಹೆಸರು ಬಳಕೆಯಲ್ಲಿ ಅಪರೂಪ, ಎಸ್‌.ಪಿ. ರಸ್ತೆ ಎಂದರೇ ಜನಕ್ಕೆ ಗೊತ್ತಾಗುವುದು. ನೀರಿನ ಪಂಪು, ಡ್ರಿಲ್ಲಿಂಗ್ ಮಷೀನು, ಕೇಬಲ್ ಸುರುಳಿ, ರೆಸಿಸ್ಟರ್‌ಗಳ ಡಬ್ಬಿ, ಪಕ್ಕದಲ್ಲೇ ಲ್ಯಾಪ್‌ಟಾಪು. ನೆಲಮಟ್ಟದ ಅಂಗಡಿಗಳಲ್ಲಿ ಮಾರಾಟ ಜೋರು. ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಮೇಲಿನ ಮಹಡಿಗಳಲ್ಲಿ ಬೇರೆಯದೇ ಕಸುಬು. ಅಲ್ಲಿ ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಬೋರ್ಡು, ಒಳಗೆ ಸೂಕ್ಷ್ಮದರ್ಶಕ, ಹಾಟ್ ಏರ್ ಗನ್, ಮಲ್ಟಿಮೀಟರು, ಹೊಟ್ಟೆ ಬಿಚ್ಚಿಕೊಂಡು ಮಲಗಿದ ಲ್ಯಾಪ್‌ಟಾಪುಗಳು. ದೆಹಲಿಗೆ ನೆಹರೂ ಪ್ಲೇಸ್, ಮುಂಬೈಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಗೆ ರಿಚಿ ಸ್ಟ್ರೀಟ್ ಇದ್ದಂತೆ ಬೆಂಗಳೂರಿಗೆ ಈ ಬೀದಿ.

ಇಲ್ಲಿಗೆ ಬರುವ ದೂರುಗಳಲ್ಲಿ ‘ಸ್ಕ್ರೀನ್ ಬ್ಲಿಂಕ್ ಆಗ್ತಿದೆ’ ಎನ್ನುವುದು ತೀರಾ ಸಾಮಾನ್ಯ. ಸಾಮಾನ್ಯವಾದರೂ ಸುಲಭದ್ದಲ್ಲ. ಪೂರ್ತಿ ಸತ್ತ ಪರದೆಯಾದರೆ ಕೆಟ್ಟಿರುವುದೆಲ್ಲಿ ಎಂದು ಅಳತೆ ಮಾಡಿ ಹಿಡಿಯಬಹುದು. ಮಿಣುಕುವ ಪರದೆ ಒಂದು ಗಳಿಗೆ ಸರಿಯಿರುತ್ತದೆ, ಮರುಗಳಿಗೆ ಕೈಕೊಡುತ್ತದೆ. ಮನೆಯಲ್ಲಿ ಬೆಳಗಿನಿಂದ ಕಾಟ ಕೊಟ್ಟದ್ದು ಅಂಗಡಿಯ ಮೇಜಿನ ಮೇಲೆ ಸಾಧುವಾಗಿ ಕೂರುವುದೂ ಉಂಟು. ಅದಕ್ಕೇ ಅನುಭವಸ್ಥರು ಗಿರಾಕಿಗಳಿಗೆ ಹೇಳುವ ಮೊದಲ ಮಾತು: ಮಿಣುಕುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ಇದಕ್ಕೆ ಕಾರಣ ಒಂದೇ ಅಲ್ಲ. ತಂತ್ರಾಂಶ, ಗ್ರಾಫಿಕ್ಸ್ ಚಿಪ್ಪು, ಡಿಸ್‌ಪ್ಲೇ ಕೇಬಲ್, ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್, ಪ್ಯಾನೆಲ್ – ಇವುಗಳಲ್ಲಿ ಯಾವುದು ಎಡವಟ್ಟಾದರೂ ಕಣ್ಣಿಗೆ ಕಾಣುವುದು ಅದೇ ಮಿಣುಕು. ತಂತ್ರಾಂಶದ ದೋಷವಾದರೆ ಖರ್ಚೇ ಇಲ್ಲದೆ ಸರಿಹೋಗಬಹುದು. ಕೇಬಲ್ಲಿನ ಬೆಲೆ ಹೆಚ್ಚಾಗಿ ನೂರರ ಲೆಕ್ಕದ್ದು, ಪ್ಯಾನೆಲ್ಲಿನದು ಸಾವಿರದ ಲೆಕ್ಕದ್ದು. ಕಾರಣ ಹುಡುಕದೆ ನೇರವಾಗಿ ಪ್ಯಾನೆಲ್ ಬದಲಿಸಿದರೆ ಗಿರಾಕಿಗೆ ದಂಡ. ಎಷ್ಟೋ ಸಲ ಹೊಸ ಪ್ಯಾನೆಲ್ಲೂ ವಾರದೊಳಗೆ ಮಿಣುಕತೊಡಗುತ್ತದೆ, ಏಕೆಂದರೆ ಕೆಟ್ಟಿದ್ದದ್ದು ಕೇಬಲ್. ಬಿಡಿಭಾಗ ಬದಲಿಸುವವರು ಬೀದಿ ತುಂಬ ಸಿಗುತ್ತಾರೆ. ಯಾವುದನ್ನು ಬದಲಿಸಬೇಕು ಎಂದು ಹೇಳಬಲ್ಲವರಿಗೇ ಬೆಲೆ.

ಹುಡುಕಾಟ ಅಗ್ಗದ ಕಡೆಯಿಂದ ಶುರುವಾಗುತ್ತದೆ. ಲ್ಯಾಪ್‌ಟಾಪ್ ಹಚ್ಚಿದ ಕೂಡಲೇ, ವಿಂಡೋಸ್ ಏಳುವುದಕ್ಕೂ ಮೊದಲು, ಕಂಪನಿಯ ಲಾಂಛನ ಮೂಡಿದಾಗಲೇ ಪರದೆ ಮಿಣುಕಿದರೆ ದೋಷ ಯಂತ್ರಾಂಶದಲ್ಲಿರುವ ಸಾಧ್ಯತೆ ಹೆಚ್ಚು. ವಿಂಡೋಸ್ ಎದ್ದ ಮೇಲಷ್ಟೇ ಶುರುವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತಾರೆ. ಉಳಿದೆಲ್ಲ ಮಿಣುಕಿ ಟಾಸ್ಕ್ ಮ್ಯಾನೇಜರಿನ ಕಿಟಕಿ ಮಾತ್ರ ಸ್ಥಿರವಾಗಿದ್ದರೆ ಯಾವುದೋ ಹೊಂದಿಕೆಯಾಗದ ಆ್ಯಪ್‌ನ ಕೆಲಸ. ಅದೂ ಮಿಣುಕಿದರೆ ಡಿಸ್‌ಪ್ಲೇ ಡ್ರೈವರಿನದು. ಮೈಕ್ರೊಸಾಫ್ಟ್ ಕಂಪನಿಯೇ ಬಳಕೆದಾರರಿಗೆ ಹೇಳಿಕೊಡುವ ಪರೀಕ್ಷೆ ಇದು, ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು.

ಚಾರ್ಜರ್ ಕಿತ್ತಾಗ ಮಾತ್ರ ಮಿಣುಕುವ ಪರದೆಗಳ ಕತೆ ಇನ್ನೊಂದು ಬಗೆಯದು. ಬ್ಯಾಟರಿ ಉಳಿಸಲೆಂದು ಲ್ಯಾಪ್‌ಟಾಪುಗಳು ಒಳಗೊಳಗೇ ಕೆಲವು ಉಪಾಯ ಮಾಡುತ್ತವೆ. ಚಿತ್ರ ಬದಲಾಗದಿದ್ದರೆ ಪ್ಯಾನೆಲ್ ತನ್ನ ನೆನಪಿನಲ್ಲಿರುವ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುತ್ತ ಗ್ರಾಫಿಕ್ಸ್ ಚಿಪ್ಪಿಗೆ ಬಿಡುವು ಕೊಡುವುದು ಅವುಗಳಲ್ಲೊಂದು; ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಎಂದು ಅದರ ಹೆಸರು. ಕೆಲವು ಮಾಡೆಲ್‌ಗಳಲ್ಲಿ ಈ ಹೊಂದಾಣಿಕೆ ತಾಳತಪ್ಪಿ ಪರದೆ ಅದುರುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿದರೆ ಮುಗಿಯಿತು, ಸ್ಕ್ರೂಡ್ರೈವರ್ ಮುಟ್ಟಬೇಕಾಗಿಲ್ಲ. ಬೆಳಕು ತಗ್ಗಿಸಿದಾಗ ಮಾತ್ರ ಕಣ್ಣು ನೋಯುವ, ತಲೆ ಸಿಡಿಯುವ ಅನುಭವ ಕೆಲವರಿಗೆ ಆಗುತ್ತದೆ. ಕೆಲವು ಪ್ಯಾನೆಲ್‌ಗಳು ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹಚ್ಚಿ ಬೆಳಕು ತಗ್ಗಿಸುವುದರಿಂದ ಹೀಗಾಗುತ್ತದೆ. ಇದು ರಿಪೇರಿ ಮಾಡುವ ದೋಷವಲ್ಲ, ಆ ಪ್ಯಾನೆಲ್ಲಿನ ಜಾಯಮಾನ.

ತಂತ್ರಾಂಶದ ತಪ್ಪಲ್ಲ ಎಂದು ಖಾತ್ರಿಯಾದರೆ ಮುಂದಿನ ಹೆಜ್ಜೆ ಎಚ್‌ಡಿಎಂಐ ಕೇಬಲ್ ಹಾಕಿ ಹೊರಗಿನ ಮಾನಿಟರಿಗೆ ಜೋಡಿಸುವುದು. ಅಲ್ಲೂ ಮಿಣುಕಿದರೆ ಅನುಮಾನ ಗ್ರಾಫಿಕ್ಸ್ ಚಿಪ್ಪು ಅಥವಾ ಮದರ್‌ಬೋರ್ಡಿನ ಮೇಲೆ. ಅಲ್ಲಿ ಚಿತ್ರ ಶುದ್ಧವಾಗಿದ್ದು ಲ್ಯಾಪ್‌ಟಾಪಿನ ಪರದೆ ಮಾತ್ರ ಕುಣಿದರೆ ಕೇಬಲ್ ಅಥವಾ ಪ್ಯಾನೆಲ್. ಡೆಲ್ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಅನುಕೂಲವಿದೆ: ‘ಡಿ’ ಕೀಲಿಯನ್ನು ಒತ್ತಿಹಿಡಿದು ಪವರ್ ಬಟನ್ ಒತ್ತಿದರೆ ಪರದೆ ಒಂದಾದ ಮೇಲೊಂದು ಬಣ್ಣ ತೋರಿಸುತ್ತ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಆಗ ವಿಂಡೋಸ್ ಓಡುತ್ತಿರುವುದಿಲ್ಲ, ಡ್ರೈವರಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಆಮೇಲೆ ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಾರೆ. ಒಂದು ಕೋನದಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಮಿಣುಕಿದರೆ, ಮೇಜಿನ ಹಿಂದೆ ಕೂತವರಿಗೆ ಅರ್ಧ ಉತ್ತರ ಸಿಕ್ಕಂತೆ.

ಮದರ್‌ಬೋರ್ಡಿನಿಂದ ಪ್ಯಾನೆಲ್‌ಗೆ ಚಿತ್ರ ಹೋಗುವುದು ಕೂದಲೆಳೆಯಂಥ ತಂತಿಗಳ ಕಟ್ಟಿನ ಮೂಲಕ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಅದು ಎಲ್‌ವಿಡಿಎಸ್ ಪದ್ಧತಿಯದು. 2008ರಲ್ಲಿ ಡಿಸ್‌ಪ್ಲೇ ಮಾನದಂಡಗಳನ್ನು ರೂಪಿಸುವ ‘ವೆಸಾ’ ಸಂಸ್ಥೆ ಇಡಿಪಿ ಎಂಬ ಹೊಸ ಮಾನದಂಡ ತಂದ ಮೇಲೆ ಕ್ರಮೇಣ ಎಲ್ಲ ಕಂಪನಿಗಳೂ ಅದಕ್ಕೆ ಹೊರಳಿದವು. ಪದ್ಧತಿ ಯಾವುದಾದರೂ ದಾರಿ ಒಂದೇ – ಮುಚ್ಚಳದ ಹಿಂಜ್ ಪಕ್ಕದಲ್ಲೇ ಹಾದುಹೋಗಬೇಕು. ಪ್ರತಿ ಸಲ ಮುಚ್ಚಿ ತೆರೆದಾಗಲೂ ತಂತಿ ಬಾಗುತ್ತದೆ. ಒಂದೆರಡು ಎಳೆ ಒಳಗೇ ಮುರಿದರೆ, ಕೋನ ಬದಲಾದಂತೆ ಸಂಪರ್ಕ ಬಂದುಹೋಗುತ್ತದೆ. ಹಿಂಜ್ ಬಿಗಿಯಾದರಂತೂ ಕತೆ ಮುಗಿಯಿತು. ಅದನ್ನು ಹಿಡಿದ ಸಣ್ಣ ಹಿತ್ತಾಳೆಯ ನಟ್ಟುಗಳು ಪ್ಲಾಸ್ಟಿಕ್ ಸಮೇತ ಕಿತ್ತು ಬಂದು, ಸಡಿಲವಾದ ಲೋಹ ಕೇಬಲ್ಲನ್ನೇ ಅರೆಯುತ್ತದೆ. ಹೀಗಾದಾಗ ಕೇಬಲ್ ಮಾತ್ರ ಹಾಕಿ ಕಳಿಸಿದರೆ ಅದೇ ಗಿರಾಕಿ ಮತ್ತೆ ಬರುತ್ತಾರೆ. ಹಿಂಜಿಗೆ ಎಣ್ಣೆ ಬಿಟ್ಟು ಸಡಿಲಿಸಿ, ಕಿತ್ತ ನಟ್ಟುಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿದ ಮೇಲೆಯೇ ಕೇಬಲ್ ಹಾಕಬೇಕು.

ಕೇಬಲ್ಲಿನ ಸಮಸ್ಯೆ ಅಗ್ಗದ ಲ್ಯಾಪ್‌ಟಾಪುಗಳಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. 2016ರಲ್ಲಿ ಬಂದ ಆ್ಯಪಲ್ ಮ್ಯಾಕ್‌ಬುಕ್ ಪ್ರೊ ಇದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ. ಅದರಲ್ಲಿ ತಂತಿಗಳ ಕಟ್ಟಿನ ಬದಲು ಹಾಳೆಯಂಥ ಚಪ್ಪಟೆ ಕೇಬಲ್ ಬಳಸಿದ್ದರು. ಮುಚ್ಚಳ ತೆರೆದಾಗಲೆಲ್ಲ ಅದು ಬೋರ್ಡಿನ ಅಂಚಿಗೆ ಉಜ್ಜಿ ಸವೆಯುತ್ತಿತ್ತು. ಮೊದಲು ಪರದೆಯ ಕೆಳಭಾಗದಲ್ಲಿ ನಾಟಕದ ರಂಗಕ್ಕೆ ದೀಪ ಬಿಟ್ಟಂತೆ ಬೆಳಕಿನ ಪಟ್ಟೆಗಳು, ಆಮೇಲೆ ಮಿಣುಕು, ಕೊನೆಗೆ ಕತ್ತಲೆ. ಕೇಬಲ್ ಬೇರ್ಪಡಿಸಲು ಬಾರದಂತೆ ಡಿಸ್‌ಪ್ಲೇಗೇ ಬೆಸೆದುಕೊಂಡಿದ್ದರಿಂದ ಇಡೀ ಡಿಸ್‌ಪ್ಲೇ ಬದಲಿಸಬೇಕಾಗುತ್ತಿತ್ತು. 2018ರ ಮಾಡೆಲ್‌ನಲ್ಲಿ ಕೇಬಲ್ಲನ್ನು ಎರಡು ಮಿಲಿಮೀಟರ್ ಉದ್ದ ಮಾಡಿರುವುದನ್ನು ಅಮೆರಿಕದ ರಿಪೇರಿ ಸಂಸ್ಥೆ ಐಫಿಕ್ಸ್‌ಇಟ್ ಬಿಚ್ಚಿ ತೋರಿಸಿತು. 2019ರ ಮೇ ತಿಂಗಳಲ್ಲಿ ಆ್ಯಪಲ್ ಈ ದೋಷವಿರುವ 13 ಇಂಚಿನ ಮ್ಯಾಕ್‌ಬುಕ್ ಪ್ರೊಗಳಿಗೆ ಉಚಿತ ದುರಸ್ತಿ ಘೋಷಿಸಿತು.

ಹೊರಗಿನ ಮಾನಿಟರಿನಲ್ಲೂ ಚಿತ್ರ ಕಲೆಸಿಹೋಗುವ ಕೇಸುಗಳು ಮಹಡಿಯ ಮೇಲಿನ ಚಿಪ್ ಲೆವೆಲ್ ಮೇಜಿಗೆ ಹೋಗುತ್ತವೆ. ಗ್ರಾಫಿಕ್ಸ್ ಚಿಪ್ಪೇ ಕೆಡುವುದಕ್ಕೆ ಒಂದು ಉದಾಹರಣೆ: 2008ರ ಜುಲೈನಲ್ಲಿ ಎನ್ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳು ಬೆಸುಗೆ–ಪ್ಯಾಕಿಂಗ್ ಸಾಮಗ್ರಿಯ ದೋಷದಿಂದ ಕೆಡುತ್ತಿವೆ ಎಂದು ಒಪ್ಪಿ, ದುರಸ್ತಿಗೆಂದು 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತ್ತು. ಬಿಸಿಯಾಗಿ ತಣ್ಣಗಾಗುವ ಆವರ್ತನದಲ್ಲಿ ಚಿಪ್ಪಿನೊಳಗಿನ ಬೆಸುಗೆ ಬಿರುಕು ಬಿಡುತ್ತಿತ್ತು. ಇಂಥ ಚಿಪ್ಪಿಗೆ ಬಿಸಿಗಾಳಿ ಕೊಟ್ಟರೆ ಕೆಲವು ದಿನ ಬದುಕಿದಂತೆ ಕಾಣುತ್ತದೆ. ಬಿಸಿ ಮಾಡಿ ಕೊಡುವುದು ರಿಪೇರಿಯಲ್ಲ. ಬಿಜಿಎ ಯಂತ್ರದಲ್ಲಿ ಕೆಟ್ಟ ಚಿಪ್ಪು ಎತ್ತಿ ಬೇರೆ ಚಿಪ್ಪು ಕೂರಿಸುವುದೇ ಸರಿಯಾದ ದಾರಿ ಎಂದು ಕಸುಬು ಬಲ್ಲವರು ನೇರವಾಗಿ ಹೇಳುತ್ತಾರೆ. ಹಳೆಯ ಲ್ಯಾಪ್‌ಟಾಪಿಗೆ ಅಷ್ಟು ಖರ್ಚು ಬೇಡ ಎಂದು ಹೇಳಿ ಕಳಿಸುವವರೂ ಇದ್ದಾರೆ.

ಪರದೆ ಮಿಣುಕಿ ಮಿಣುಕಿ ಪೂರ್ತಿ ಕಪ್ಪಾಯಿತು ಎನ್ನುವವರಿಗೆ ಟಾರ್ಚ್ ಪರೀಕ್ಷೆ. ಕತ್ತಲ ಪರದೆಗೆ ಓರೆಯಾಗಿ ಬೆಳಕು ಬಿಟ್ಟಾಗ ಐಕಾನುಗಳು ಮಸುಕಾಗಿ ಕಂಡರೆ ಚಿತ್ರ ಬರುತ್ತಿದೆ, ಬ್ಯಾಕ್‌ಲೈಟ್ ಮಾತ್ರ ಇಲ್ಲ ಎಂದರ್ಥ. ಎಲ್‌ಇಡಿ ಬರುವ ಮೊದಲು ಲ್ಯಾಪ್‌ಟಾಪುಗಳಲ್ಲಿ ಟ್ಯೂಬ್‌ಲೈಟಿನ ಜಾತಿಗೇ ಸೇರಿದ ತೆಳ್ಳನೆಯ ದೀಪವೂ ಅದಕ್ಕೆ ನೂರಾರು ವೋಲ್ಟ್ ಕೊಡುವ ಇನ್ವರ್ಟರ್ ಹಲಗೆಯೂ ಇರುತ್ತಿದ್ದವು. ಆಗ ಇನ್ವರ್ಟರ್ ಬದಲಿಸುವುದೇ ದೊಡ್ಡ ವ್ಯವಹಾರ. ಈಗ ಬ್ಯಾಕ್‌ಲೈಟಿಗೆ ವಿದ್ಯುತ್ ಹೋಗುವ ದಾರಿಯಲ್ಲಿ, ಮದರ್‌ಬೋರ್ಡಿನ ಮೇಲೆ, ಸಾಸಿವೆಗಿಂತ ತುಸು ದೊಡ್ಡದಾದ ಫ್ಯೂಸ್ ಇರುತ್ತದೆ. ಬ್ಯಾಟರಿ ಕಳಚದೆ ಡಿಸ್‌ಪ್ಲೇ ಕೇಬಲ್ ಕಿತ್ತು ಹಾಕುವ ಅವಸರಕ್ಕೆ ಅದು ಸುಟ್ಟುಹೋಗುತ್ತದೆ. ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಪ್ಯಾನೆಲ್ ಬದಲಿಸಲು ಹೊರಟವರು ನೆನಪಿಡಬೇಕಾದದ್ದು ಇದೊಂದೇ: ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಆಮೇಲೆ ಮಿಕ್ಕದ್ದು.

ಇಷ್ಟೆಲ್ಲ ಆದ ಮೇಲೂ ತಪ್ಪು ಪ್ಯಾನೆಲ್ಲಿನದೇ ಎಂದಾದರೆ ಬದಲಿಸದೆ ಗತಿಯಿಲ್ಲ. ಗಾಜಿನ ಅಂಚಿಗೆ ಅಂಟಿಸಿದ ಸೂಕ್ಷ್ಮ ಸಂಪರ್ಕಗಳು ಸಡಿಲಿದ ಲ್ಯಾಪ್‌ಟಾಪ್ ಪ್ಯಾನೆಲ್ಲನ್ನು ಸಾಮಾನ್ಯವಾಗಿ ಯಾರೂ ರಿಪೇರಿ ಮಾಡಲು ಹೋಗುವುದಿಲ್ಲ. ಇಲ್ಲಿ ಗಿರಾಕಿಗೆ ಉಪಯೋಗಕ್ಕೆ ಬರುವುದು ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ ಚೀಟಿ. ಲ್ಯಾಪ್‌ಟಾಪ್ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಪ್ಯಾನೆಲ್ ಮಾಡುವವರು ಬೇರೆ: ಕೊರಿಯಾದ ಎಲ್‌ಜಿ ಡಿಸ್‌ಪ್ಲೇ, ತೈವಾನಿನ ಎಯುಒ ಮತ್ತು ಇನ್ನೊಲಕ್ಸ್, ಚೀನಾದ ಬಿಒಇ ಮುಂತಾದ ಕೆಲವೇ ಕಂಪನಿಗಳು. ಎಲ್‌ಪಿ156 ಎಂದು ಶುರುವಾದರೆ ಎಲ್‌ಜಿ, ಬಿ156 ಎಂದರೆ ಎಯುಒ, ಎನ್‌ವಿ156 ಎಂದರೆ ಬಿಒಇ. 156 ಎಂದರೆ 15.6 ಇಂಚು, 140 ಎಂದರೆ 14 ಇಂಚು. ಅಳತೆ ಒಂದೇ ಇದ್ದರೂ 30 ಪಿನ್ನಿನ ಪ್ಯಾನೆಲ್ ಜಾಗಕ್ಕೆ 40 ಪಿನ್ನಿನದು ಕೂರುವುದಿಲ್ಲ. ಪಿನ್ನು ಹೊಂದಿದರೂ 1920×1080ರ ಪ್ಯಾನೆಲ್ ಇದ್ದಲ್ಲಿಗೆ 1366×768ರ ಅಗ್ಗದ್ದು ಬಂದು ಕೂತಿರಬಹುದು. ಹಾಗಾಗಿ ಹಳೆಯ ಚೀಟಿಯ ಫೋಟೊ ತೆಗೆದುಕೊಳ್ಳುವುದು, ಹೊಸ ಪ್ಯಾನೆಲ್ಲಿನ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸುವುದು ಒಳ್ಳೆಯದು. ಅದು ಹೊಸದೇ, ಹಳೆ ಲ್ಯಾಪ್‌ಟಾಪಿನಿಂದ ಬಿಚ್ಚಿದ್ದೇ ಎಂದು ಕೇಳುವುದಕ್ಕೂ ಸಂಕೋಚ ಬೇಡ. ಬಿಚ್ಚಿದ ಮಾಲು ಕೆಟ್ಟದ್ದೇನಲ್ಲ, ಆದರೆ ಅದರ ಬೆಲೆ ಬೇರೆ.

ಈ ಕಸುಬಿನ ಅಳಿವು ಉಳಿವು ಈಗ ಬಹುಮಟ್ಟಿಗೆ ಲ್ಯಾಪ್‌ಟಾಪ್ ವಿನ್ಯಾಸ ಮಾಡುವವರ ಕೈಯಲ್ಲಿದೆ. ಪ್ಯಾನೆಲ್, ಗಾಜು, ಮುಚ್ಚಳ ಎಲ್ಲವನ್ನೂ ಒಂದಾಗಿ ಅಂಟಿಸಿದ ತೆಳು ಮಾದರಿಗಳು ಹೆಚ್ಚಿದಂತೆ ಕೇಬಲ್ ಒಂದನ್ನೇ ಬದಲಿಸುವ ಅವಕಾಶ ಕುಗ್ಗುತ್ತಿದೆ. ಇದಕ್ಕೆ ಎದುರಾದ ಪ್ರಯತ್ನಗಳೂ ನಡೆದಿವೆ. 2021ರಿಂದ ಫ್ರಾನ್ಸಿನಲ್ಲಿ ಲ್ಯಾಪ್‌ಟಾಪುಗಳು ಎಷ್ಟು ಸುಲಭವಾಗಿ ರಿಪೇರಿಯಾಗುತ್ತವೆ ಎಂದು ಹತ್ತಕ್ಕೆ ಇಷ್ಟು ಎಂಬ ಅಂಕ ನಮೂದಿಸುವುದು ಕಡ್ಡಾಯ. ಅದೇ ವರ್ಷ ಅಮೆರಿಕದ ಫ್ರೇಮ್‌ವರ್ಕ್ ಕಂಪನಿ ಗಿರಾಕಿಯೇ ಪರದೆ ಕಳಚಿ ಬದಲಿಸಬಹುದಾದ ಲ್ಯಾಪ್‌ಟಾಪ್ ತಂದಿತು. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ‘ರೈಟ್ ಟು ರಿಪೇರ್’ ಜಾಲತಾಣ ತೆರೆಯಿತು. ಆದರೆ ಜಾಲತಾಣದಲ್ಲಿ ಮಾಹಿತಿ ಇಡುವುದಷ್ಟೇ ಸಾಲದು. ಸರ್ಕೀಟಿನ ನಕಾಶೆ, ಬಿಡಿಭಾಗ ಎರಡೂ ಎಸ್‌.ಪಿ. ರಸ್ತೆಯ ಮಹಡಿಯ ಮೇಜಿನವರೆಗೆ ಬಂದಾಗಲೇ ಆ ಹಕ್ಕಿಗೆ ಅರ್ಥ ಬರುವುದು.

ಹೋಗುವವರಿಗೆ ಕೆಲವು ಮಾತು. ವಾರಂಟಿ ಉಳಿದಿದ್ದರೆ ಮೊದಲು ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೇ ಹೋಗಿ; ಬಿದ್ದು ಒಡೆಯದೆ ತಾನಾಗಿ ಮಿಣುಕುವ ಪರದೆ ಸಾಮಾನ್ಯವಾಗಿ ವಾರಂಟಿಯೊಳಗೆ ಬರುತ್ತದೆ. ಇಲ್ಲವಾದರೆ ಮುಖ್ಯ ಕಡತಗಳ ಪ್ರತಿ ತೆಗೆದಿಟ್ಟು, ಚಾರ್ಜರ್ ಸಮೇತ ಹೊರಡಿ. ಪ್ಯಾನೆಲ್ ಬದಲಿಸಲು ನಿಮ್ಮ ಪಾಸ್‌ವರ್ಡ್ ಬೇಕಾಗುವುದಿಲ್ಲ, ಕೊಡಬೇಡಿ. ಕೆಟ್ಟ ಭಾಗವನ್ನು ವಾಪಸ್ ಕೇಳಿ ಪಡೆಯಿರಿ. ವಿವಾದವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹತ್ತಿರದ ಮೆಟ್ರೊ ನಿಲ್ದಾಣ ಚಿಕ್ಕಪೇಟೆ; ಬೈಕು ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟವಾದ್ದರಿಂದ ಅದೇ ವಾಸಿ. ಭಾನುವಾರ ಮಾತ್ರ ಹೊರಡಬೇಡಿ, ಆ ದಿನ ಬಹಳಷ್ಟು ಅಂಗಡಿಗಳಿಗೆ ರಜೆ.