‘ಈ ಸಲ ಕಪ್ ನಮ್ದೆ’: ಒಂದು ಮೀಮಿನ ಅರ್ಥವಿಚಾರ

ಮೀಮ್‌ಗಳಲ್ಲಿ ಸುಳಿದಾಡುವ ಆಡುಮಾತಿಗೆ ಪದಕೋಶದ ಅರ್ಥ ಸಾಕೆನ್ನುವವರಿಗೆ ‘ಈ ಸಲ ಕಪ್ ನಮ್ದೆ’ ಎಂಬ ವಾಕ್ಯ ಯಾವ ತೊಡಕನ್ನೂ ಒಡ್ಡುವುದಿಲ್ಲ. ಐಪಿಎಲ್ ಕ್ರಿಕೆಟಿನ ಬೆಂಗಳೂರು ತಂಡದ ಅಭಿಮಾನಿಗಳ ಘೋಷಣೆ ಇದು. 2009, 2011 ಮತ್ತು 2016ರ ಅಂತಿಮ ಪಂದ್ಯಗಳಲ್ಲಿ ಸೋತು ಬಹುಕಾಲ ಪ್ರಶಸ್ತಿಯನ್ನೇ ಕಾಣದ ತಂಡದ ಬಗೆಗಿನ ಈ ಭರವಸೆಯ ನುಡಿ ಎದುರಾಳಿಗಳ ಬಾಯಲ್ಲಿ ಅಣಕವೂ ಆಯಿತು. ಅಣಕವಾಗಲು ಒಂದು ಅಕ್ಷರವೂ ಬದಲಾಗಬೇಕಾಗಲಿಲ್ಲ. ತೊಡಕು ಇರುವುದು ಅಲ್ಲಿ.

ವಾಕ್ಯದಲ್ಲಿ ಕ್ರಿಯಾಪದವಿಲ್ಲ, ಆದ್ದರಿಂದ ಕಾಲಸೂಚಕ ಪ್ರತ್ಯಯವೂ ಇಲ್ಲ. ಕಾಲವನ್ನು ಹೇಳುವ ‘ಈ ಸಲ’ ಪ್ರತಿ ವರ್ಷವೂ ಹೊಸದಾಗುತ್ತದೆ. ಹಳೆಯ ಸೋಲು ಘೋಷಣೆಯನ್ನು ಸುಳ್ಳಾಗಿಸಲಾರದು. ‘ನಮ್ಮದೇ’ ಎಂಬುದರ ಆಡುರೂಪವಾದ ‘ನಮ್ದೆ’ಯ ಕೊನೆಯಲ್ಲಿರುವುದು ಅವಧಾರಣೆಯ ಏಕಾರ. ‘ಬೇರೆಯವರದಲ್ಲ’ ಎಂಬ ವಾದ ಅದರಲ್ಲಿ ಅಡಗಿದೆ. 2023ರಲ್ಲಿ ನಾಯಕ ಫಾಫ್ ಡು ಪ್ಲೆಸಿ ‘ನಮ್ದೆ’ ಎನ್ನಲು ಹೋಗಿ ‘ನಹಿ’ ಎಂದದ್ದು ಬರಿಯ ನಗೆಗೆ ವಸ್ತುವಾಯಿತು. ಆದರೆ 2024ರ ಮಾರ್ಚಿನಲ್ಲಿ ಮಹಿಳಾ ತಂಡ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ‘ನಮ್ದೆ’ ಅಲ್ಲ, ‘ನಮ್ದು’ ಎಂದು ಮಾಡಿದ ತಿದ್ದುಪಡಿ ವ್ಯಾಕರಣದ ದೃಷ್ಟಿಯಿಂದಲೂ ಸೊಗಸಾದುದು. ಕಪ್ ಕೈಸೇರಿದ ಮೇಲೆ ಅವಧಾರಣೆಯ ಹಂಗೇಕೆ? 2025ರ ಜೂನ್ 3ರಂದು ಪುರುಷರ ತಂಡ ಗೆದ್ದಾಗಲೂ ‘ನಮ್ದು’ ಎಂಬ ರೂಪವೇ ಮೆರೆಯಿತು.

ಗಡಿಯಾಚೆಯ ಕನ್ನಡಿಗರಿಗೆ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ‘ನಮ್ಮ’ ಎಂಬುದರಲ್ಲಿದೆ. ಹಳಗನ್ನಡದಲ್ಲಿ ‘ಎಮ್ಮ’, ‘ನಮ್ಮ’ ಎರಡೂ ಇದ್ದವು. ಇಂದಿನ ಶಿಷ್ಟ ಕನ್ನಡದಲ್ಲಿ ‘ನಮ್ಮ’ ಒಂದೇ ಉಳಿದಿದೆ. ಕೇಳುಗನನ್ನು ಒಳಗೊಂಡ ‘ನಾವು’, ಅವನನ್ನು ಹೊರಗಿಟ್ಟ ‘ನಾವು’ ಎಂಬ ಭೇದ ರೂಪದಲ್ಲಿ ಕಾಣದು. ನೆರೆಯ ಭಾಷೆಗಳು ಈ ಭೇದವನ್ನು ಬಿಟ್ಟುಕೊಟ್ಟಿಲ್ಲ. ಮರಾಠಿಯ ‘ಆಪಲಾ’, ‘ಆಮಚಾ’. ತೆಲುಗಿನ ‘ಮನ’, ‘ಮಾ’. ಆಡುತಮಿಳಿನ ‘ನಮ್ಮ’, ‘ಎಂಗ’. ಮಲಯಾಳದ ‘ನಮ್ಮುಡೆ’, ‘ಞಙ್ಙಳುಡೆ’ ಇದಕ್ಕೆ ನಿದರ್ಶನ. ಸೊಲ್ಲಾಪುರದ ದ್ವಿಭಾಷಿಕನೊಬ್ಬ ಈ ಮೀಮನ್ನು ಮರಾಠಿ ಗೆಳೆಯನಿಗೆ ಹೇಳಹೊರಟರೆ, ಗೆಳೆಯ ಒಳಗಿನವನೋ ಹೊರಗಿನವನೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಕನ್ನಡ ವಾಕ್ಯ ಆ ತೀರ್ಮಾನವನ್ನು ಕೇಳುವುದೇ ಇಲ್ಲ. ಬೆಂಗಳೂರನ್ನು ಕಾಣದ ಕನ್ನಡಿಗನೂ ಅದರಲ್ಲಿ ಸಲೀಸಾಗಿ ಸೇರಿಕೊಳ್ಳಬಲ್ಲ. ಅಣಕದಲ್ಲಂತೂ ‘ನಮ್ದೆ’ ಎನ್ನುವವನೇ ಆ ‘ನಾವು’ವಿನ ಹೊರಗಿದ್ದಾನೆ. ಆದ್ದರಿಂದ ಇಂಥ ಮಾತನ್ನು ಸಂಗ್ರಹಿಸುವವರು ಯಾರು, ಯಾರಿಗೆ, ಪಂದ್ಯದ ಮೊದಲೋ ಅನಂತರವೋ ಹೇಳಿದ್ದು ಎಂಬುದನ್ನೂ ದಾಖಲಿಸದಿದ್ದರೆ ಅರ್ಥ ಕೈತಪ್ಪುತ್ತದೆ.

ಮೀಮಿನ ರೂಪ ದಕ್ಷಿಣ ಕರ್ನಾಟಕದ್ದು. ಸೊಲ್ಲಾಪುರ, ಜತ್ತಗಳನ್ನೊಳಗೊಂಡ ಉತ್ತರದ ಆಡುನುಡಿಯಲ್ಲಿ ಅವಧಾರಣೆಗೆ ಏಕಾರದ ಬದಲು ಎಳೆದ ಅಕಾರ ಬಂದು ‘ನಮ್ದಽ’ ಆಗುತ್ತದೆ. ಕಾಸರಗೋಡಿನ ಹವ್ಯಕ ನುಡಿಯಲ್ಲಾದರೋ ‘ಎಂಗಳ’, ‘ನಮ್ಮ’ ಎಂಬ ಹಳೆಯ ಭೇದ ಇನ್ನೂ ಜೀವಂತವಾಗಿದೆ. ಮರಾಠಿಗೆ ಭಾಷಾಂತರಿಸುವವನಿಗೆ ಎದುರಾದ ಪ್ರಶ್ನೆ ಹವ್ಯಕನಿಗೆ ತನ್ನ ಮನೆಮಾತಿನಲ್ಲೇ ಎದುರಾಗುತ್ತದೆ: ಕಪ್ ‘ಎಂಗಳ’ದೋ, ‘ನಮ್ಮ’ದೋ?